ಕೊಲ್ಲಂ ಆಳದ ಮೂರು ಕೋನ್ ಚಿಪ್ಪುಗಳು: ಬಳ್ಳಾರಿಯಲ್ಲಿ ನಡೆದ ಒಂದು ಗುರುತಿಸುವಿಕೆಯ ಪ್ರಕರಣ

ಬಳ್ಳಾರಿಯ ಒಂದು ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೇರಳದ ಕೊಲ್ಲಂ ಬಳಿಯ ಶಕ್ತಿಕುಳಂಗರ ಬಂದರಿನಿಂದ ಮಂಜುಗಡ್ಡೆಯ ಪೆಟ್ಟಿಗೆಯೊಂದು ಬಂತು. ಒಳಗೆ ಮೂರು ಕೋನ್‌ಗಳು, ಅಂದರೆ ಶಂಕುವಿನಾಕಾರದ ಚಿಪ್ಪಿನ ಕಡಲ ಬಸವನಹುಳುಗಳು: ಒಂದು ಮಾಂಸ ಸಮೇತ, ಇನ್ನೊಂದು ಸತ್ತು ಸನ್ಯಾಸಿ ಏಡಿ ಸೇರಿಕೊಂಡಿದ್ದ ಚಿಪ್ಪು, ಮೂರನೆಯದು ಮಾಂಸವಿಲ್ಲದಿದ್ದರೂ ತುದಿ ಮುಕ್ಕಾಗದ ಎಳೆಯ ಚಿಪ್ಪು. ಸಿಗಡಿ ಖರೀದಿಯ ಕೆಲಸದಲ್ಲಿದ್ದ ಹಳೆಯ ವಿದ್ಯಾರ್ಥಿ ಕಳಿಸಿದ್ದು. ಜೊತೆಗಿದ್ದ ಚೀಟಿಯಲ್ಲಿ ಬರೆದಿದ್ದು ಇಷ್ಟೇ: ‘ಆಳದ ಬೋಟು, 300 ಮೀಟರ್, ಇಂಥದ್ದು ನೋಡಿಲ್ಲ.’

ವಿಭಾಗದಲ್ಲಿ ಎದ್ದ ಪ್ರಶ್ನೆ ಸಹಜವಾದದ್ದೇ: ಇದು ಹೊಸ ಪ್ರಭೇದವೇ? ಕೊನೆಗೆ ಬರೆದ ಹೆಸರು ‘ಕೋನಾಸ್ಪ್ರೆಲ್ಲಾ ಸಿಎಫ್. ಆರ್ಬಿಗ್ನಿ’. ಅಂದರೆ, ಆರ್ಬಿಗ್ನಿ ಎಂಬ ಈಗಾಗಲೇ ಗೊತ್ತಿರುವ ಪ್ರಭೇದಕ್ಕೆ ಹೋಲುತ್ತದೆ, ಅದೇ ಎಂದು ಇನ್ನೂ ಹೇಳಲಾಗದು. ಕೈಯಲ್ಲಿದ್ದ ಸಾಕ್ಷ್ಯಕ್ಕೆ ತಕ್ಕ ತೀರ್ಮಾನ ಇದೇ. ಅದಕ್ಕಿಂತ ಮುಂದೆ ಹೋಗಿ ಹೊಸ ಹೆಸರು ಇಡುವುದು ಸುಲಭವಿತ್ತು. ಆಮೇಲೆ ಯಾರಾದರೂ ಅದನ್ನು ಹಳೆಯ ಹೆಸರಿನ ಕೆಳಗೆ ಸೇರಿಸಿ ಮುಗಿಸುತ್ತಿದ್ದರು.

ಆಳದ ಅಂಕಿ

ಕೊಲ್ಲಂ ಎದುರಿನ ಸಮುದ್ರದಲ್ಲಿ ‘ಕ್ವಿಲಾನ್ ಬ್ಯಾಂಕ್’ ಎಂಬ ನೆಲ ಇದೆ. ಹೆಟೆರೊಕಾರ್ಪಸ್ ಗಿಬ್ಬೋಸಸ್, ಅರಿಸ್ಟಿಯಸ್ ಆಲ್ಕಾಕಿ ಮುಂತಾದ ಆಳಸಮುದ್ರದ ಸಿಗಡಿಗಾಗಿ ಟ್ರಾಲರ್‌ಗಳು ಅಲ್ಲಿ ಬಲೆ ಎಳೆಯುತ್ತವೆ. ಸಿಗಡಿಯ ಜೊತೆ ಬರುವ ಏಡಿ, ಶಂಖ, ಕೋನ್‌ಗಳೆಲ್ಲ ದಕ್ಕೆಯಲ್ಲಿ ಕಸದ ರಾಶಿಗೆ ಬೀಳುತ್ತವೆ. ಆಳದ ಕೋನ್‌ಗಳು ವಿಜ್ಞಾನಕ್ಕೆ ಸಿಗುವುದು ಬಹುಮಟ್ಟಿಗೆ ಹೀಗೆಯೇ. ಮುಳುಗುಗಾರರು ಅಷ್ಟು ಕೆಳಗೆ ಇಳಿಯುವುದಿಲ್ಲ.

‘300 ಮೀಟರ್’ ಎಂಬುದನ್ನು ಹಾಗೆಯೇ ಲೇಬಲ್‌ಗೆ ಇಳಿಸಲಿಲ್ಲ. ಬೋಟಿನವರು ಹೇಳುವ ಅಂಕಿ ಕೆಲವೊಮ್ಮೆ ಬಿಟ್ಟ ತಂತಿಯ ಉದ್ದವಾಗಿರುತ್ತದೆ; ತಂತಿ ಆಳದ ಎರಡು ಮೂರು ಪಟ್ಟು ಬೇಕಾಗುತ್ತದೆ. ಫೋನಿನಲ್ಲಿ ವಿಚಾರಿಸಿದಾಗ ಇದು ಎಕೋ ಸೌಂಡರ್ (ಶಬ್ದದ ಅಲೆಯಿಂದ ಆಳ ಅಳೆಯುವ ಸಾಧನ) ನೋಡಿ ಹೇಳಿದ್ದು, ಎಳೆತ ಶುರುವಾದದ್ದು 150 ಮಾರಿನಲ್ಲಿ, ಬಲೆ ಎತ್ತಿದ್ದು 180 ಮಾರಿನಲ್ಲಿ ಎಂದು ತಿಳಿಯಿತು. ಒಂದು ಮಾರು 1.83 ಮೀಟರ್, ಹಾಗಾಗಿ ಲೇಬಲ್‌ನಲ್ಲಿ ‘274–329 ಮೀಟರ್, ಒಂದೇ ಎಳೆತ’ ಎಂದು ಬರೆಯಲಾಯಿತು. ಬಲೆ ಗಂಟೆಗಟ್ಟಲೆ ನೆಲ ಸವರಿಕೊಂಡು ಹೋಗಿರುತ್ತದೆ, ಹುಳು ಆ ದಾರಿಯ ಯಾವ ಬಿಂದುವಿನಲ್ಲಿ ಸಿಕ್ಕಿತೆಂದು ಯಾರಿಗೂ ಗೊತ್ತಾಗದು. ಒಂದೇ ಅಂಕಿ ಬರೆದರೆ ಅದು ಇಲ್ಲದ ನಿಖರತೆ.

ಈ ಆಳವನ್ನು ಮಾಂಸವಿದ್ದ ಮಾದರಿ 1ಕ್ಕೆ ಮಾತ್ರ ಜೀವಂತ ಆಳವೆಂದು ಒಪ್ಪಲಾಯಿತು. ಮಾದರಿ 2ರ ಚಿಪ್ಪನ್ನು ಸನ್ಯಾಸಿ ಏಡಿ ಎಲ್ಲಿಂದ ಎಲ್ಲಿಗೆ ಹೊತ್ತು ತಂದಿದೆಯೋ. ಅದರ ಲೇಬಲ್‌ನಲ್ಲಿ ‘ಸತ್ತ ಚಿಪ್ಪು, ಏಡಿ ಸಹಿತ’ ಎಂದು ಸೇರಿಸಬೇಕು. ಆಳದ ವ್ಯಾಪ್ತಿಯ ಪಟ್ಟಿಗಳು ಹಾಳಾಗುವುದು ಈ ಒಂದು ಸಾಲು ಬಿಟ್ಟುಹೋದಾಗ.

ಮುಟ್ಟುವ ಮೊದಲು ಕಾನೂನು

ಉದ್ದನೆಯ, ಎತ್ತರದ ಗೋಪುರದ (ಚಿಪ್ಪಿನ ತುದಿಯ ಸುರುಳಿ ಭಾಗ), ಭಾರತದ ಆಳದ ಕೋನ್ ಎಂದೊಡನೆ ಮೊದಲು ನೆನಪಾಗಬೇಕಾದ್ದು ಕೋನಸ್ ಮಿಲ್ನೆಎಡ್ವರ್ಡ್ಸೈ. ಜೂಸೋಮ್ 1894ರಲ್ಲಿ ವರ್ಣಿಸಿದ ಈ ಪ್ರಭೇದವನ್ನು ಸಂಗ್ರಹಕಾರರು ‘ಗ್ಲೋರಿ ಆಫ್ ಇಂಡಿಯಾ’ ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಸೇರಿಸಿದ ಚಿಪ್ಪುಜೀವಿಗಳಲ್ಲಿ ಇದೂ ಒಂದು. ಅನುಮತಿ ಇಲ್ಲದೆ ಇಟ್ಟುಕೊಂಡರೆ ಅಪರಾಧ. ಕಾಲೇಜಿನ ಗಾಜಿನ ಬೀರುವಿಗೂ ವಿನಾಯಿತಿ ಇಲ್ಲ.

ಬಿಡಿಸಿ ಹೇಳಲು ಇಲ್ಲಿ ಎರಡು ನಿಮಿಷ ಸಾಕಾಯಿತು. ಮಿಲ್ನೆಎಡ್ವರ್ಡ್ಸೈ ಬಿಳಿ ನೆಲದ ಮೇಲೆ ಕಂದು ಗೆರೆಗಳ ಡೇರೆಯಾಕಾರದ ಬಲೆ ಹೊತ್ತಿರುತ್ತದೆ, ಬೆಳೆದಾಗ 100 ಮಿಮೀ ದಾಟುತ್ತದೆ, ಮೇಲ್ಮೈ ನಯ. ಬಂದ ಮೂರರಲ್ಲೂ ಬಲೆಯ ವಿನ್ಯಾಸವಿಲ್ಲ, ಮೈತುಂಬ ತೋಡುಗಳಿವೆ. ಆದರೂ ಬಂದ ದಾರಿ, ಕಳಿಸಿದವರ ಪತ್ರ, ತಾರೀಖು ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಅಂಟಿಸಲಾಯಿತು. ಅಂಗಡಿಯಲ್ಲಿ ಕೊಂಡ ಚಿಪ್ಪಾಗಿದ್ದರೆ ಈ ಪ್ರಕರಣ ಇಲ್ಲಿಗೇ ಮುಗಿಯುತ್ತಿತ್ತು: ವ್ಯಾಪಾರಿಯ ‘ಇಂಥ ಕಡೆ ಸಿಕ್ಕಿದ್ದು’ ಎಂಬ ಮಾತಿನ ಮೇಲೆ ಪ್ರಭೇದ ವರ್ಣನೆ ನಿಲ್ಲದು.

ಮಾಂಸವನ್ನು ಉಳಿಸಿಕೊಳ್ಳುವುದು

ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಆಳದ ನೀರಿನ ಪ್ರಾಣಿಯ ಮಾಂಸ ಅಲ್ಲಿ ಗಂಟೆಗಳಲ್ಲಿ ಕರಗುತ್ತದೆ. ಕಾಲೇಜು ಪ್ರಯೋಗಾಲಯಗಳ ರೂಢಿ ಎಂದರೆ ಏನೇ ಬಂದರೂ ಫಾರ್ಮಲಿನ್ ಬಾಟಲಿಗೆ ಹಾಕುವುದು. ಇಲ್ಲಿ ಅದು ಎರಡು ಕಡೆಯಿಂದ ನಷ್ಟ. ಫಾರ್ಮಲಿನ್ ಡಿಎನ್‌ಎಯನ್ನು ತುಂಡರಿಸಿ ಬಂಧಿಸುತ್ತದೆ. ಬಫರ್ ಇಲ್ಲದ ಫಾರ್ಮಲಿನ್ ಕ್ರಮೇಣ ಆಮ್ಲೀಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟಿನ ಚಿಪ್ಪನ್ನೇ ತಿನ್ನುತ್ತದೆ, ಮೊದಲು ಹಾಳಾಗುವುದು ಮೇಲ್ಮೈಯ ಸೂಕ್ಷ್ಮ ಗೀರುಗಳು.

ಬೇಕಾದದ್ದು ಸುಮಾರು 95 ಶೇಕಡಾ ಎಥನಾಲ್. ಕಾಲೇಜಿನ ರೆಕ್ಟಿಫೈಡ್ ಸ್ಪಿರಿಟ್ ಸಾಕು, ಆದರೆ ಅದಕ್ಕೆ ಅಬಕಾರಿ ಅನುಮತಿಯ ಕೋಟಾ ಇರುವುದರಿಂದ ಉಳಿತಾಯ ಮಾಡುವ ಚಟ. ಮಾಂಸದ ಗಾತ್ರದ ಕನಿಷ್ಠ ಮೂರು ಪಟ್ಟು ಸ್ಪಿರಿಟ್ ಇರಬೇಕು, ಮರುದಿನ ಒಮ್ಮೆ ಬದಲಿಸಬೇಕು. ಇಲ್ಲವಾದರೆ ಮಾಂಸದ ನೀರು ಸೇರಿ ಶಕ್ತಿ ಇಳಿಯುತ್ತದೆ.

ಕೋನ್‌ಗಳಲ್ಲಿ ಇನ್ನೊಂದು ತೊಡಕು ಇದೆ. ಬಾಯಿ ಕಿರಿದಾದ ಸೀಳು. ಹುಳು ಒಳಗೆ ಸರಿದರೆ ಪಾದವೇ ಬಿರಡೆಯಂತೆ ದಾರಿ ಮುಚ್ಚುತ್ತದೆ. ಹೊರಗೆ ಸ್ಪಿರಿಟ್ ಎಷ್ಟಿದ್ದರೂ ಒಳಗಿನ ಯಕೃತ್ತು ಕೊಳೆಯುತ್ತದೆ. ಆದ್ದರಿಂದ ಮೊದಲು ಪಾದದ ಅಂಚಿನಿಂದ ಅಕ್ಕಿಕಾಳಿನಷ್ಟು ತುಣುಕನ್ನು ಹೊಸ ಬ್ಲೇಡಿನಿಂದ ಕತ್ತರಿಸಿ ಎರಡು ಪುಟ್ಟ ಬಾಟಲಿಗಳಲ್ಲಿ ಬೇರೆ ಬೇರೆ ಇಡಲಾಯಿತು. ಹೊಟ್ಟೆಯ ಭಾಗ ಬೇಡ, ಅಲ್ಲಿ ತಿಂದ ಬೇಟೆಯ ಡಿಎನ್‌ಎ ಸೇರಿರುತ್ತದೆ. ಆಮೇಲೆ ಚಿಪ್ಪನ್ನು ಮೈಕ್ರೋವೇವ್ ಒಲೆಯಲ್ಲಿ ಕೆಲವೇ ಸೆಕೆಂಡುಗಳ ಸುತ್ತಿನಲ್ಲಿ ಬಿಸಿ ಮಾಡಿ, ಪಾದವನ್ನು ಚಿಮಟದಲ್ಲಿ ಹಿಡಿದು ಚಿಪ್ಪಿನ ಸುರುಳಿಯ ದಿಕ್ಕಿಗೆ ತಿರುಗಿಸುತ್ತ ಎಳೆಯಬೇಕು. ನೇರ ಜಗ್ಗಿದರೆ ಮುಂಭಾಗ ಕಿತ್ತು ಬಂದು ಉಳಿದದ್ದು ಒಳಗೇ ಸಿಕ್ಕಿಕೊಳ್ಳುತ್ತದೆ. ಕುದಿಸುವುದಕ್ಕಿಂತ ಈ ಕ್ರಮ ಡಿಎನ್‌ಎಗೆ ಮೃದು.

ಜೀವಂತ ಕೋನ್ ಆಗಿದ್ದರೆ ಬರಿಗೈಯಲ್ಲಿ ಹಿಡಿಯಬಾರದು. ಹುಳು ತಿನ್ನುವ ಕೋನ್‌ಗಳು ಮೀನು ತಿನ್ನುವ ಕೋನಸ್ ಜಿಯೋಗ್ರಾಫಸ್‌ನಷ್ಟು ಅಪಾಯಕಾರಿಯಲ್ಲ. ಆದರೆ ಯಾವುದು ಏನು ತಿನ್ನುತ್ತದೆ ಎಂದು ಗೊತ್ತಾಗುವುದು ಗುರುತಿಸಿದ ನಂತರ ತಾನೆ?

ಪಾದಕ್ಕೆ ಅಂಟಿದ್ದ ಆಪರ್ಕ್ಯುಲಮ್, ಅಂದರೆ ಸಣ್ಣ ಕೊಂಬಿನ ಮುಚ್ಚಳ, ಬಹಳ ಕಡೆ ಮಾಂಸದ ಜೊತೆ ಕಸಕ್ಕೆ ಹೋಗುತ್ತದೆ. ಇಲ್ಲಿ ಅದನ್ನು ಅದೇ ಸಂಖ್ಯೆಯ ಜೆಲಾಟಿನ್ ಕ್ಯಾಪ್ಸೂಲಿನಲ್ಲಿ ಇಟ್ಟರು. ಚಿಪ್ಪಿನ ಮೇಲಿದ್ದ ತೆಳು ಹಳದಿ ಹೊರಪೊರೆಯ ಚಿತ್ರ ತೆಗೆದ ಮೇಲಷ್ಟೇ ಒಂದು ಪಕ್ಕವನ್ನು ಶುಚಿ ಮಾಡಿದ್ದು. ಇಡೀ ಚಿಪ್ಪನ್ನು ಬ್ಲೀಚಿನಲ್ಲಿ ಮುಳುಗಿಸಿ ಬೆಳ್ಳಗೆ ಮಾಡುವುದು ಪ್ರದರ್ಶನಕ್ಕೆ ಚೆಂದ, ವರ್ಣನೆಗೆ ನಷ್ಟ.

ಅಳತೆ, ಮತ್ತು ಮುರಿದ ಬುಡದ ಮೋಸ

ಕೋನ್‌ಗಳಿಗೆ ನಾಲ್ಕು ಅಳತೆ ಮೂಲ: ಚಿಪ್ಪಿನ ಒಟ್ಟು ಉದ್ದ, ಗರಿಷ್ಠ ಅಗಲ, ಬಾಯಿಯ ಎತ್ತರ, ಬುಡದಿಂದ (ಚಿಪ್ಪಿನ ಕಿರಿದಾದ ಕೆಳತುದಿ) ಗರಿಷ್ಠ ಅಗಲ ಇರುವ ಬಿಂದುವಿನವರೆಗಿನ ಎತ್ತರ. ನಾಲ್ಕನ್ನೂ ಚಿಪ್ಪಿನ ಅಕ್ಷಕ್ಕೆ ಸಮಾನಾಂತರವಾಗಿ ಅಥವಾ ಲಂಬವಾಗಿ ತೆಗೆಯಬೇಕು. ಬಾಯಿಯ ಸೀಳು ಓರೆಯಾಗಿರುವುದರಿಂದ ಕ್ಯಾಲಿಪರ್ ತಾನಾಗಿ ಓರೆಯಾಗುತ್ತದೆ, ಎತ್ತರ ಹೆಚ್ಚು ಬರುತ್ತದೆ. ಗ್ರಾಫ್ ಹಾಳೆಯ ಮೇಲೆ ಜೇಡಿಮಣ್ಣಿನ ಉಂಡೆಯಲ್ಲಿ ಚಿಪ್ಪನ್ನು ನೆಟ್ಟಗೆ ಕೂರಿಸಿದರೆ ಈ ತಪ್ಪು ತಪ್ಪುತ್ತದೆ.

ಮಾದರಿ 1: ಉದ್ದ 52.0 ಮಿಮೀ, ಅಗಲ 17.6, ಬಾಯಿ 38.5, ಗರಿಷ್ಠ ಅಗಲದ ಎತ್ತರ 34.6. ಇದರಿಂದ ಮೂರು ಅನುಪಾತಗಳು. ಅಗಲವನ್ನು ಬಾಯಿಯ ಎತ್ತರದಿಂದ ಭಾಗಿಸಿದರೆ ಸಾಪೇಕ್ಷ ಅಗಲ 0.46. ನಾಲ್ಕನೆಯ ಅಳತೆಯನ್ನು ಬಾಯಿಯ ಎತ್ತರದಿಂದ ಭಾಗಿಸಿದರೆ 0.90, ಗರಿಷ್ಠ ಅಗಲ ಭುಜದ (ಗೋಪುರದ ಕೆಳಗೆ ಕೊನೆಯ ಸುತ್ತು ತಿರುಗುವ ಅಂಚು) ಹತ್ತಿರವೇ ಇದೆ ಎಂದರ್ಥ. ಉದ್ದದಿಂದ ಬಾಯಿಯನ್ನು ಕಳೆದು ಉದ್ದದಿಂದ ಭಾಗಿಸಿದರೆ ಗೋಪುರದ ಪಾಲು 0.26.

ಮಾದರಿ 2ರಲ್ಲಿ ಉದ್ದ 45.0, ಅಗಲ 16.5, ಬಾಯಿ 33.0. ಸಾಪೇಕ್ಷ ಅಗಲ 0.50 ಆಗುತ್ತದೆ. ಇದನ್ನು ನೋಡಿ ‘ಇದು ದಪ್ಪ ರೂಪ, ಬೇರೆ ಪ್ರಭೇದ ಇರಬಹುದು’ ಎಂಬ ಮಾತು ಬಂತು. ಭೂತಗನ್ನಡಿಯಲ್ಲಿ ನೋಡಿದರೆ ಬುಡದ ತುದಿ ಮುರಿದು ಸವೆದಿತ್ತು. ಬೆಳವಣಿಗೆಯ ಗೆರೆಗಳನ್ನು ಮುಂದುವರಿಸಿ ಅಂದಾಜಿಸಿದರೆ ಸುಮಾರು 2.5 ಮಿಮೀ ಹೋಗಿದೆ. ಸೇರಿಸಿದರೆ ಬಾಯಿ 35.5, ಅನುಪಾತ 0.46, ವ್ಯತ್ಯಾಸ ಮಾಯ. ಅಂದಾಜಿನ ಅಂಕಿಯನ್ನು ಪಟ್ಟಿಯಲ್ಲಿ ಸೇರಿಸುವಂತಿಲ್ಲ, ಹಾಗಾಗಿ ಮಾದರಿ 2ರ ಅನುಪಾತಗಳನ್ನೇ ಕೈಬಿಡಲಾಯಿತು. ಮಾದರಿ 3 ಎಳೆಯದು, ಉದ್ದ 31.0, ಅಗಲ 10.6, ಬಾಯಿ 22.4: ಸಾಪೇಕ್ಷ ಅಗಲ 0.47, ಗೋಪುರದ ಪಾಲು 0.28. ಎಳೆಯ ಚಿಪ್ಪಿನ ಅನುಪಾತವನ್ನು ಬೆಳೆದದ್ದರ ಜೊತೆ ಹೋಲಿಸುವಾಗ ಗಾತ್ರವನ್ನು ಪಕ್ಕದಲ್ಲೇ ಬರೆಯಬೇಕು. ಒಟ್ಟಿನಲ್ಲಿ ಮೂರು ಚಿಪ್ಪಿನಿಂದ ನಂಬುವಂಥ ಬೆಳೆದ ಅಳತೆ ಒಂದೇ ಒಂದು. ವ್ಯಾಪ್ತಿ ಎನ್ನಲು ಅಲ್ಲಿ ಏನೂ ಇಲ್ಲ.

ಎಳೆಯದರ ಬೆಲೆ ಬೇರೆ ಕಡೆ ಇತ್ತು. ಅದರ ತುದಿಯಲ್ಲಿ ಪ್ರೋಟೋಕಾಂಕ್, ಅಂದರೆ ಲಾರ್ವಾ ಹಂತದ ಮರಿಚಿಪ್ಪು, ಮುಕ್ಕಾಗದೆ ಉಳಿದಿತ್ತು. ಬೆಳೆದ ಎರಡರಲ್ಲೂ ಅದು ಸವೆದುಹೋಗಿದೆ. ತುದಿಯನ್ನು ಮೇಲಿನಿಂದ ನೋಡಿ, ಆರಂಭದ ಬಿಂದುವಿನ ಮೂಲಕ ಗೆರೆ ಎಳೆದು ಎಣಿಸಿದಾಗ ಸುಮಾರು ಎರಡೂವರೆ ಸುತ್ತು, ನಯ, ವ್ಯಾಸ 0.85 ಮಿಮೀ. ಹೀಗೆ ಹಲವು ಸುತ್ತಿನ ಮರಿಚಿಪ್ಪು ಇದ್ದರೆ ಲಾರ್ವಾ ನೀರಿನಲ್ಲಿ ತೇಲುತ್ತ ತಿನ್ನುತ್ತ ದೂರ ಸಾಗುವಂಥದ್ದು ಎಂದು ಊಹಿಸುವುದು ವಾಡಿಕೆ. ಒಂದೂವರೆ ಸುತ್ತಿನ ದಪ್ಪ ಗುಂಡಾಗಿದ್ದರೆ ಹುಟ್ಟಿದ ನೆಲದ ಹತ್ತಿರವೇ ಉಳಿಯುವ ಜೀವಿ, ಸ್ಥಳೀಯ ಪ್ರಭೇದದ ಸಾಧ್ಯತೆ ಹೆಚ್ಚು. ‘ಕೊಲ್ಲಂನಲ್ಲಿ ಮಾತ್ರ ಇರುವ ಹೊಸ ಪ್ರಭೇದ’ ಎಂಬ ಆಸೆಗೆ ಬಿದ್ದ ಮೊದಲ ಪೆಟ್ಟು ಇದು.

ಬರೆದ ವರ್ಣನೆ

ವಿಭಾಗದಲ್ಲಿ ವರ್ಣನೆಯನ್ನು ಮೊದಲು ಕನ್ನಡದಲ್ಲೇ ಬರೆಸಿದರು. ಪುಸ್ತಕದ ವಾಕ್ಯಗಳನ್ನು ನಕಲು ಮಾಡಲು ಆಗ ದಾರಿ ಇರುವುದಿಲ್ಲ, ಚಿಪ್ಪನ್ನೇ ನೋಡಬೇಕಾಗುತ್ತದೆ. ಪ್ರಾಣಿನಾಮಕರಣ ಸಂಹಿತೆ ಹೆಸರು ಲ್ಯಾಟಿನ್ ಅಕ್ಷರದಲ್ಲಿರಬೇಕು ಎನ್ನುತ್ತದೆ. ವರ್ಣನೆ ಇಂಥದ್ದೇ ಭಾಷೆಯಲ್ಲಿ ಇರಬೇಕೆಂಬ ಕಡ್ಡಾಯವಿಲ್ಲ. ಮಾದರಿ 1ರ ಪಾಠ ಹೀಗಿದೆ:

‘ಚಿಪ್ಪು ಮಧ್ಯಮ ಗಾತ್ರ, ತೆಳು, ಹಗುರ. ಕೊನೆಯ ಸುತ್ತು ಕಿರಿದಾದ ಶಂಕು. ಪಕ್ಕಗಳು ಭುಜದ ಕೆಳಗೆ ತುಸು ಉಬ್ಬಿ ಬುಡದ ಕಡೆ ಒಳಬಾಗಿವೆ. ಭುಜ ಚೂಪು ಏಣು, ಅದರ ಮೇಲೆ ಸಣ್ಣ ಗಂಟುಗಳ ಸಾಲು. ಗಂಟುಗಳು ಗೋಪುರದ ಎಲ್ಲ ಸುತ್ತುಗಳಲ್ಲೂ ಉಳಿದಿವೆ. ಗೋಪುರ ಎತ್ತರ, ಮೆಟ್ಟಿಲುಮೆಟ್ಟಿಲು, ಅಂಚು ತುಸು ಒಳಬಾಗಿದೆ. ಸುತ್ತುಗಳ ಮೇಲಿನ ಇಳಿಜಾರು ತಗ್ಗು, ಅದರಲ್ಲಿ ಮೂರು ಸುರುಳಿ ಗೆರೆ. ಕೊನೆಯ ಸುತ್ತಿನಲ್ಲಿ ಭುಜದಿಂದ ಬುಡದವರೆಗೆ ಚಪ್ಪಟೆ ಪಟ್ಟಿಗಳು. ನಡುವಣ ತೋಡುಗಳಲ್ಲಿ ಒತ್ತೊತ್ತಾದ ಉದ್ದ ಗೀರುಗಳು. ನೆಲಬಣ್ಣ ಮಾಸಲು ಬಿಳಿ. ತಿಳಿಗಂದು ಮಚ್ಚೆಗಳು ಮೂರು ಅಸ್ಪಷ್ಟ ಅಡ್ಡಸಾಲುಗಳಲ್ಲಿ. ಬಾಯಿ ಕಿರಿದು, ಒಳಗೆ ಬಿಳಿ. ಗುದನಾಳದ ಕಚ್ಚು (ಬಾಯಿಯ ಮೇಲ್ತುದಿಯ ಸೀಳು) ಆಳ.’

ಮೊದಲ ಕರಡಿನಲ್ಲಿ ‘ಸುಂದರ’, ‘ಆಕರ್ಷಕ’ ಎಂಬ ಪದಗಳಿದ್ದವು, ತೆಗೆದುಹಾಕಿದ್ದಾಯಿತು. ಅದಕ್ಕಿಂತ ಮುಖ್ಯವಾದ ತಿದ್ದುಪಡಿ ಬಣ್ಣದ್ದು. ಮಾದರಿ 2 ಪೂರ್ತಿ ಬಿಳಿ. ‘ಬಿಳಿ ರೂಪ’ ಎಂದು ಬರೆಯಲಾಗಿತ್ತು. ಸತ್ತು ಬಿದ್ದ ಚಿಪ್ಪಿನ ಬಣ್ಣ ಹಾರುವುದು ಸಾಮಾನ್ಯ, ಅದು ರೂಪಭೇದವಲ್ಲ.

ಒಳಗೋಡೆ ನೋಡಲು ಚಿಪ್ಪು ಕೊಯ್ಯಲಿಲ್ಲ. ಕೋನ್‌ಗಳು ಬೆಳೆಯುತ್ತ ಒಳಸುತ್ತುಗಳ ಗೋಡೆಯನ್ನು ಕರಗಿಸಿ ಕಾಗದದಷ್ಟು ತೆಳು ಮಾಡುತ್ತವೆ. ಎಕ್ಸ್‌ರೇಯಲ್ಲಿ ಅದು ಸ್ಪಷ್ಟ. ಊರಿನ ಹಲ್ಲಿನ ಕ್ಲಿನಿಕ್ಕಿನ ಡಿಜಿಟಲ್ ಎಕ್ಸ್‌ರೇ ಇದಕ್ಕೆ ಹೇಳಿಮಾಡಿಸಿದಂತಿದೆ. ಸೆನ್ಸರ್ ಚಿಕ್ಕದಾದ್ದರಿಂದ 52 ಮಿಮೀ ಚಿಪ್ಪಿಗೆ ಎರಡು ಚಿತ್ರ ಬೇಕಾದವು.

ಹಲ್ಲು ಹೇಳಿದ್ದು

ಕೋನ್‌ನ ರ‍್ಯಾಡುಲಾ ಹಲ್ಲು ಟೊಳ್ಳು ಈಟಿ, ವಿಷ ಹರಿಯುವ ಸೂಜಿ. ಹಲ್ಲುಗಳು ಎರಡು ಕೈಯ ಚೀಲದಲ್ಲಿರುತ್ತವೆ: ಉದ್ದದ ಕೈಯಲ್ಲಿ ಬೆಳೆಯುತ್ತಿರುವವು, ಗಿಡ್ಡ ಕೈಯಲ್ಲಿ ಬಳಕೆಗೆ ಸಿದ್ಧವಾದವು. ಅಳೆಯಬೇಕಾದ್ದು ಗಿಡ್ಡ ಕೈಯವು. ವಿದ್ಯಾರ್ಥಿಗಳು ಎರಡನ್ನೂ ಒಟ್ಟಿಗೆ ಕರಗಿಸಿದರೆ ಅರೆಬೆಂದ ಹಲ್ಲುಗಳು ಸೇರಿ ‘ಹಲ್ಲಿನಲ್ಲಿ ವೈವಿಧ್ಯ’ ಕಂಡಂತಾಗುತ್ತದೆ.

ಗಿಡ್ಡ ಕೈಯನ್ನು ಗಾಜಿನ ಕುಳಿಯಲ್ಲಿಟ್ಟು, ಅಂಗಡಿಯಲ್ಲಿ ಸಿಗುವ ಬ್ಲೀಚನ್ನು ನೀರು ಬೆರೆಸಿ ಹನಿ ಹನಿಯಾಗಿ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಕಣ್ಣಿಟ್ಟು ನೋಡುತ್ತಿರಬೇಕು. ಮಾಂಸ ಕರಗಿದ ಕ್ಷಣ ಬ್ಲೀಚ್ ಹೀರಿ ತೆಗೆದು ಡಿಸ್ಟಿಲ್ಡ್ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಬೇಕು. ಉಳಿದ ಬ್ಲೀಚ್ ಒಣಗಿದರೆ ಉಪ್ಪಿನ ಹರಳು ಹಲ್ಲಿನ ಮೇಲೆ ಕೂತು ಗರಗಸದಂತೆ ಕಾಣುತ್ತದೆ. ಕೋನ್ ವರ್ಗೀಕರಣದಲ್ಲಿ ಗರಗಸ ಇದೆಯೋ ಇಲ್ಲವೋ ಎಂಬುದೇ ಒಂದು ಲಕ್ಷಣವಾದ್ದರಿಂದ ಇದು ಸಣ್ಣ ತಪ್ಪಲ್ಲ.

ಹಲ್ಲಿನ ಉದ್ದ 0.65 ಮಿಮೀ, ಚಿಪ್ಪಿನ ಉದ್ದ ಅದರ 80 ಪಟ್ಟು. ತುದಿಯಲ್ಲಿ ಒಂದು ಮುಳ್ಳು, ಒಂದು ಗಿಡ್ಡ ಅಲಗು, ನಡುವೆ ಎದ್ದು ಕಾಣುವ ಸೊಂಟ. ಮೀನು ತಿನ್ನುವ ಕೋನ್‌ಗಳ ಉದ್ದನೆಯ ಕೊಕ್ಕೆಯ ಹಲ್ಲು ಇದಲ್ಲ. ಹುಳು ತಿನ್ನುವ ಬಳಗದ್ದು.

ಯಾವ ಜೀನಸ್ (ಪ್ರಭೇದಗಳ ಕುಲ)?

ಕೋನ್‌ಗಳೆಲ್ಲವನ್ನೂ ಲಿನೇಯಸ್ 1758ರಲ್ಲಿ ಕೋನಸ್ ಎಂಬ ಒಂದೇ ಜೀನಸ್‌ನಲ್ಲಿ ಇಟ್ಟ, ಬಹುಕಾಲ ಹಾಗೇ ನಡೆಯಿತು. 2009ರಲ್ಲಿ ಟಕರ್ ಮತ್ತು ಟೆನೊರಿಯೊ ಚಿಪ್ಪು, ಹಲ್ಲುಗಳ ಆಧಾರದ ಮೇಲೆ ಇದನ್ನು ನೂರಕ್ಕೂ ಹೆಚ್ಚು ಜೀನಸ್‌ಗಳಾಗಿ ಒಡೆದರು. 2015ರಲ್ಲಿ ಪ್ವಿಲಾಂದ್ರ್ ಮತ್ತು ಸಂಗಡಿಗರು ಡಿಎನ್‌ಎ ವಂಶವೃಕ್ಷ ನೋಡಿ ನಾಲ್ಕಕ್ಕೆ ಇಳಿಸಿದರು: ಕೋನಸ್, ಕೋನಾಸ್ಪ್ರೆಲ್ಲಾ, ಪ್ರೊಫಂಡಿಕೋನಸ್, ಕ್ಯಾಲಿಫೋರ್ನಿಕೋನಸ್, ಉಳಿದ ಹೆಸರುಗಳಲ್ಲಿ ಹಲವನ್ನು ಉಪಜೀನಸ್‌ಗಳಾಗಿ ಉಳಿಸಿಕೊಂಡರು. ಹಳೆಯ ಪುಸ್ತಕ ಒಂದು ಹೆಸರು, ಹೊಸ ಜಾಲತಾಣ ಇನ್ನೊಂದು ಹೆಸರು ಹೇಳುವುದಕ್ಕೆ ಕಾರಣ ಇದು. ಕಾಲೇಜಿನ ಬಳಕೆಗೆ ನಾಲ್ಕರ ವ್ಯವಸ್ಥೆಯೇ ಮೇಲು. ನೂರರ ವ್ಯವಸ್ಥೆಯಲ್ಲಿ ಪ್ರತಿ ಚಿಪ್ಪೂ ತನ್ನದೇ ಜೀನಸ್ ಬೇಡುತ್ತದೆ.

ಕ್ಯಾಲಿಫೋರ್ನಿಕೋನಸ್ ಹೆಸರಿನಲ್ಲೇ ದೂರ. ಆಳ ನೋಡಿದರೆ ಪ್ರೊಫಂಡಿಕೋನಸ್ ಸಹಜ ಊಹೆ. ಕುರೋಡಾ 1956ರಲ್ಲಿ ಸ್ಥಾಪಿಸಿದ ಈ ಜೀನಸ್ ಆಳದ ನೀರಿನದೇ. ಆದರೆ ಆಳ ಒಂದು ಲಕ್ಷಣವಲ್ಲ; ಮೂರೂ ದೊಡ್ಡ ಜೀನಸ್‌ಗಳಲ್ಲಿ ಆಳದ ಪ್ರಭೇದಗಳಿವೆ. ಕೆಲವು ಪ್ರೊಫಂಡಿಕೋನಸ್‌ಗಳ ಆಪರ್ಕ್ಯುಲಮ್ ಅಂಚು ಗರಗಸದಂತಿರುತ್ತದೆ, ಇಲ್ಲಿಯದು ನಯ. ಹಲ್ಲಿನ ಸೊಂಟ, ಗೋಪುರದ ಗಂಟುಗಳು, ಆಳವಾದ ಗುದಕಚ್ಚು ಒಟ್ಟಾಗಿ ಕೋನಾಸ್ಪ್ರೆಲ್ಲಾ ಕಡೆಗೆ ಒಯ್ದವು. ಕಸಕ್ಕೆ ಹೋಗಬಹುದಾಗಿದ್ದ ಆ ಮುಚ್ಚಳ ಇಲ್ಲಿ ಒಂದು ಜೀನಸ್‌ನ ವಾದವನ್ನು ದುರ್ಬಲಗೊಳಿಸಿತು.

ಪ್ರಭೇದದ ಮಟ್ಟದಲ್ಲಿ ಹೊಂದಿದ್ದು ಕೋನಾಸ್ಪ್ರೆಲ್ಲಾ ಆರ್ಬಿಗ್ನಿ. ಓಡ್ವಾನ್ 1831ರಲ್ಲಿ ಕೋನಸ್ ಎಂದು ವರ್ಣಿಸಿದ್ದರಿಂದ ಈಗ ಅವನ ಹೆಸರು, ವರ್ಷ ಕಂಸದೊಳಗೆ ಬರುತ್ತವೆ. ಮೂಲನೆಲೆಯಾಗಿ ಕೊಟ್ಟಿದ್ದು ‘ಚೀನಾ ಸಮುದ್ರಗಳು’ ಎಂಬಷ್ಟು ಸಡಿಲ ಮಾತು. ಇದರ ಸುತ್ತ ಒಂದು ಗುಂಪೇ ಇದೆ: ನೈಋತ್ಯ ಹಿಂದೂ ಮಹಾಸಾಗರದಿಂದ ಕಿಲ್ಬರ್ನ್ 1975ರಲ್ಲಿ ಹೆಸರಿಸಿದ ಎಲೋಕಿಸ್ಮೆನೋಸ್, ನ್ಯೂ ಕ್ಯಾಲೆಡೋನಿಯಾ ಕಡೆಯಿಂದ 1995ರಲ್ಲಿ ಬಂದ ಕೊರಿಯೊಲಿಸೈ. ಕೊಲ್ಲಂ ಈ ಚೀನಾ ಮತ್ತು ಆಫ್ರಿಕಾಗಳ ನಡುವಿನ ಸಮುದ್ರದಲ್ಲಿದೆ. ನಡುವಿನ ಜಾಗದ ಒಂದು ಬೆಳೆದ ಚಿಪ್ಪು ಎರಡಕ್ಕೂ ತುಸು ಹೋಲುವುದು ನಿರೀಕ್ಷಿತವೇ. ಅದು ಮೂರನೆಯ ಪ್ರಭೇದವೋ, ಒಂದೇ ಸರಣಿಯ ನಡುಕೊಂಡಿಯೋ ಎಂಬುದನ್ನು ಒಂದು ಚಿಪ್ಪು ನಿರ್ಧರಿಸಲಾರದು. ತೇಲುವ ಲಾರ್ವಾದ ಸುಳಿವು ಎರಡನೆಯದರ ಕಡೆ ವಾಲುತ್ತದೆ.

ಹೊಸ ಹೆಸರು ಇಡುವುದಾದರೆ

ಹೆಸರೂ ತಯಾರಾಗಿತ್ತು: ‘ಬಳ್ಳಾರಿಯೆನ್ಸಿಸ್’. ಕಡಲಿಂದ ಮುನ್ನೂರು ಕಿಲೋಮೀಟರ್‌ಗೂ ಹೆಚ್ಚು ರಸ್ತೆ ದೂರದ ಊರಿನ ಹೆಸರು ಆಳಸಮುದ್ರದ ಹುಳುವಿಗೆ! ಸಂಹಿತೆ ಇದನ್ನು ತಡೆಯುವುದಿಲ್ಲ; ಹೆಸರು ಅನುಚಿತ ಎಂಬ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ತಡೆಯುವುದು ಬೇರೆ ಷರತ್ತುಗಳು. 1999ರ ನಂತರ ಪ್ರಕಟವಾದ ಹೆಸರಿಗೆ ‘ಹೊಸ ಪ್ರಭೇದ’ ಎಂಬ ಸ್ಪಷ್ಟ ಘೋಷಣೆ ಬೇಕು, ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾದ ಒಂದೇ ಮಾದರಿ, ಯಾವುದೆಂದು ಗೊತ್ತುಮಾಡಿ ಅದು ಯಾವ ಸಂಗ್ರಹದಲ್ಲಿ ಇರುತ್ತದೆಂದು ಹೇಳಬೇಕು, ಬೇರೆಯವುಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಬರೆಯಬೇಕು. ಆನ್‌ಲೈನ್ ಪತ್ರಿಕೆಯಲ್ಲಿ ಮಾತ್ರ ಬಂದರೆ ಜೂಬ್ಯಾಂಕ್ ಎಂಬ ಪ್ರಾಣಿನಾಮಗಳ ಅಧಿಕೃತ ದಾಖಲೆಯಲ್ಲಿ ನೋಂದಣಿ ಕಡ್ಡಾಯ. ಭಾರತದಲ್ಲಿ 2002ರ ಜೈವಿಕ ವೈವಿಧ್ಯ ಕಾಯ್ದೆಯ 39ನೇ ಕಲಮಿನಂತೆ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕು. ಪ್ರಾಣಿಗಳಿಗೆ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆ ಅಂಥ ಭಂಡಾರ. ಕಾಲೇಜಿನ ಬೀರು ಹೋಲೋಟೈಪ್ ಇಡುವ ಜಾಗವಲ್ಲ.

ಬೀರುವಿನ ವಿಷಯವೂ ಇದೆ. ಪ್ಲೈವುಡ್ ಬೀರು, ರಟ್ಟಿನ ಡಬ್ಬಿ, ಹತ್ತಿಯ ಹಾಸು ಇವು ಅಸಿಟಿಕ್ ಆಮ್ಲದ ಆವಿ ಬಿಡುತ್ತವೆ. ತೇವ ಸೇರಿದರೆ ಚಿಪ್ಪಿನ ಮೇಲೆ ಬಿಳಿ ಪುಡಿ ಏಳುತ್ತದೆ. ಬೈನ್ ರೋಗ ಎಂದು ಕರೆಯುವ ಇದು ರೋಗವಲ್ಲ, ರಾಸಾಯನಿಕ ಕ್ರಿಯೆ. ಬಳ್ಳಾರಿಯ ಒಣಹವೆ ಸ್ವಲ್ಪ ಕಾಯುತ್ತದೆ, ಮಳೆಗಾಲದಲ್ಲಿ ಕಾಯುವುದಿಲ್ಲ. ಮೂರೂ ಚಿಪ್ಪುಗಳನ್ನು ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ಇಟ್ಟು ಸ್ಟೀಲ್ ಬೀರುವಿಗೆ ಸೇರಿಸಲಾಯಿತು. ಒಳಗಿನ ಲೇಬಲ್ ಪೆನ್ಸಿಲ್ಲಿನದು. ಸ್ಪಿರಿಟ್ ಬಾಟಲಿಗೆ ಬಾಲ್‌ಪೆನ್ ಲೇಬಲ್ ಹಾಕಿದರೆ ಶಾಯಿ ಸ್ಪಿರಿಟ್‌ಗೆ ಇಳಿದು ಕಾಗದ ಖಾಲಿಯಾಗುತ್ತದೆ.

ಪಾದದ ತುಣುಕಿನ ಒಂದು ಬಾಟಲಿ ಪ್ರಭೇದ ಗುರುತಿಸಲು ಬಳಸುವ ಸಿಒಐ ಜೀನಿನ 658 ಬೇಸ್‌ಗಳ ತುಂಡನ್ನು ಓದಲು ಹೊರಗೆ ಹೋಗಲಿದೆ, ಇನ್ನೊಂದು ಫ್ರೀಜರಿನಲ್ಲಿ ಉಳಿಯುತ್ತದೆ. ಬಸವನಹುಳುಗಳ ಲೋಳೆ ಪಿಸಿಆರ್ (ಡಿಎನ್‌ಎಯ ನಕಲುಗಳನ್ನು ಹೆಚ್ಚಿಸುವ) ಕ್ರಿಯೆಯನ್ನು ತಡೆಯುತ್ತದೆ. ಮೊದಲ ಯತ್ನದಲ್ಲಿ ಏನೂ ಬರದಿದ್ದರೆ ಡಿಎನ್‌ಎ ಇಲ್ಲವೆಂದು ಎಸೆಯದೆ ಹತ್ತು ಪಟ್ಟು ತೆಳು ಮಾಡಿ ಮತ್ತೆ ನಡೆಸುವಂತೆ ಕಳಿಸುವ ಪತ್ರದಲ್ಲೇ ಬರೆಯಲಾಗಿದೆ. ಅನುಕ್ರಮ ಬಂದ ಮೇಲೂ ಅದು ಮಾದರಿ 1ರ ಬಗ್ಗೆ ಮಾತ್ರ ಹೇಳುತ್ತದೆ. ‘ಸಿಎಫ್.’ ಅಳಿಸಲು ಬೇಕಾದದ್ದು ಅದೇ ಎಳೆತದ ನೆಲದಿಂದ ಮಾಂಸ ಸಮೇತ ಬೆಳೆದ ಇನ್ನಷ್ಟು ಮಾದರಿಗಳು. ಅದಕ್ಕಾಗಿ ಶಕ್ತಿಕುಳಂಗರಕ್ಕೆ ಸ್ಪಿರಿಟ್ ತುಂಬಿದ ಅಗಲಬಾಯಿ ಬಾಟಲಿಗಳು, ಪೆನ್ಸಿಲ್, ‘ಎಳೆತ ಶುರು ಎಷ್ಟು ಮಾರು, ಎತ್ತಿದ್ದು ಎಷ್ಟು ಮಾರು, ಏಡಿ ಇತ್ತೇ’ ಎಂಬ ಮೂರು ಪ್ರಶ್ನೆಗಳ ಮಲಯಾಳಂ ಚೀಟಿಗಳು ಹೋಗಿವೆ.